ಷಷ್ಟ್ಯಬ್ದಿಗೆ ಬಂದ ಚಂದ್ರನ ಕುಳಿ: ಒಂದು ಪ್ರಮಾಣಪತ್ರದ ತಪಾಸಣೆ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ ಭಟ್ಟರೊಬ್ಬರಿಗೆ ಅರವತ್ತು ತುಂಬಿತು. ಷಷ್ಟ್ಯಬ್ದಿ ಶಾಂತಿಯ ದಿನ ಬೆಂಗಳೂರಿನಿಂದ ಬಂದ ಮಗ ಅಪ್ಪನ ಕೈಗೆ ಒಂದು ಫ್ರೇಮ್ ಕೊಟ್ಟ. ಒಳಗೆ ಚಿನ್ನದ ಅಂಚಿನ ದಪ್ಪ ಕಾಗದ, ಮೂಲೆಯಲ್ಲಿ ಉಬ್ಬು ಮುದ್ರೆ, ನಡುವೆ ಬೂದು ಬಣ್ಣದ ದುಂಡು ಕುಳಿಯೊಂದರ ಚಿತ್ರ. ಚಂದ್ರನ ಮೇಲಿನ ಈ ಕುಳಿಗೆ ಇನ್ನು ಮುಂದೆ ಇವರ ಹೆಸರು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಜಾಗದ ಗುರುತು: 26 ಡಿಗ್ರಿ ಉತ್ತರ, 13 ಡಿಗ್ರಿ ಪೂರ್ವ. ಹೊರದೇಶದ ಒಂದು ಕಂಪನಿಗೆ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ತರಿಸಿದ್ದು. ಮೊತ್ತ ಎಷ್ಟೆಂದು ಮಗ ಅಪ್ಪನಿಗೆ ಹೇಳಿರಲಿಲ್ಲ, ನಾನೂ ಇಲ್ಲಿ ಹೇಳುವುದಿಲ್ಲ.

ಸುದ್ದಿ ಡೈರಿಗೆ ಹಾಲು ಹಾಕಲು ಬಂದವರಿಂದ ಸೊಸೈಟಿಯವರೆಗೆ ಹಬ್ಬಿತು. ಭಟ್ಟರು ನನ್ನಲ್ಲಿಗೆ ಬಂದದ್ದು ಅನುಮಾನ ಹೊತ್ತುಕೊಂಡಲ್ಲ. ನಾನು ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಮನೆಯಲ್ಲಿ ಆರಿಂಚಿನ ದೂರದರ್ಶಕ ಇದೆ ಎಂಬುದು ಊರಿಗೆ ಗೊತ್ತು. "ಮೇಷ್ಟ್ರೇ, ನಮ್ಮ ಗುಂಡಿ ಒಂದ್ಸಲ ತೋರ್ಸಿ ಮಾರಾಯ್ರೇ. ಅಮ್ಮಂಗೂ ನೋಡ್ಬೇಕಂತೆ" ಎಂದರು.

ಇಂಥ ಪ್ರಮಾಣಪತ್ರಗಳು ಈಗ ನಮ್ಮ ಕಡೆಯೂ ಬರತೊಡಗಿವೆ. ನಕ್ಷತ್ರಕ್ಕೆ ಹೆಸರು, ಚಂದ್ರನ ಮೇಲೆ ಸೈಟು, ಕುಳಿಗೆ ನಾಮಕರಣ. "ಅದೆಲ್ಲ ಮೋಸ" ಎಂದು ಒಂದೇ ಮಾತಿಗೆ ಮುಗಿಸುವುದು ಸುಲಭ. ಆದರೆ ಈ ಕಾಗದದ ಮೇಲೆ ಮೂರು ಸಂಗತಿಗಳಿದ್ದವು, ಒಂದು ಚಿತ್ರ, ಒಂದು ಜಾಗ, ಒಂದು ಹೆಸರು, ಮತ್ತು ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಲು ಸಾಧ್ಯವಿತ್ತು. ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ ಎಂದು ತೋರಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಕುಟುಂಬದ ಒಪ್ಪಿಗೆ ಇದೆ, ಹೆಸರು ಬೇಡ ಎಂದಿದ್ದಾರೆ.

ಚಿತ್ರ ಯಾವ ಕುಳಿಯದು?

ಮೊದಲ ಸುಳಿವು ಕೊಟ್ಟವರು ಭಟ್ಟರ ತಾಯಿ. ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ಕನ್ನಡಕ ಸರಿಮಾಡಿ ನೋಡಿ, "ಇದು ಗುಂಡಿ ಅಲ್ಲ ಮಾಣಿ, ಗುಡ್ಡೆ" ಎಂದರು. ಮೊಮ್ಮಗ ನಕ್ಕ. ಆದರೆ ಅಜ್ಜಿ ಕಂಡದ್ದನ್ನೇ ಹೇಳಿದ್ದರು. ಪಕ್ಷಪಾತವಿಲ್ಲದೆ ನೋಡಿದರೆ ಅದು ಉಬ್ಬಿದ ಹಾಗೆಯೇ ಕಾಣುತ್ತಿತ್ತು. ನಮ್ಮ ಕಣ್ಣು ಬೆಳಕು ಮೇಲಿನಿಂದ ಬರುತ್ತದೆ ಎಂದುಕೊಂಡು ಉಬ್ಬು ತಗ್ಗುಗಳನ್ನು ಲೆಕ್ಕ ಹಾಕುತ್ತದೆ. ಈ ಚಿತ್ರದಲ್ಲಿ ಬೆಳಕು ಕಾಗದದ ಕೆಳಗಿನಿಂದ ಬರುತ್ತಿತ್ತು. ಫ್ರೇಮನ್ನು ತಲೆಕೆಳಗು ಮಾಡಿ ಕೊಟ್ಟೆ. "ಹಾಂ, ಈಗ ಗುಂಡಿ" ಎಂದರು ಅಜ್ಜಿ.

ಕಕ್ಷೆಯಿಂದ ತೆಗೆದ ಚಿತ್ರಗಳನ್ನು ಓದುವವರು ಮೊದಲು ಕೇಳುವ ಪ್ರಶ್ನೆಯೇ ಇದು: ಸೂರ್ಯ ಯಾವ ಕಡೆ ಇದ್ದ, ಎಷ್ಟು ಎತ್ತರದಲ್ಲಿದ್ದ? ಉತ್ತರ ದಿಕ್ಕು ಮೇಲೆ ಬರುವ ಹಾಗೆ ಇಟ್ಟ ಚಿತ್ರದಲ್ಲಿ, ಸೂರ್ಯ ಕೆಳಮಟ್ಟದಲ್ಲಿದ್ದರೆ, ಬೆಳಕು ಎಡದಿಂದಲೋ ಬಲದಿಂದಲೋ ಬಂದಿರಬೇಕು. ಕಾಗದದ ಅಳತೆಗೆ ಹೊಂದಿಸಲು ಯಾರೋ ಇದನ್ನು ತಿರುಗಿಸಿದ್ದಾರೆ ಎಂಬ ಅನುಮಾನ ಬಂತು. ಹಾಗಾದರೆ ಮೂಲ ಚಿತ್ರ ಎಲ್ಲೋ ಇರಲೇಬೇಕು.

ಚಿತ್ರದ ಗುಣಮಟ್ಟ ಇನ್ನೊಂದು ಸುಳಿವು. ಅಂಚಿನ ಮೇಲೆ ಬಂಡೆಗಳು ಚುಕ್ಕಿಯಾಗಿ ಕಾಣುತ್ತಿದ್ದವು. ಭೂಮಿಯಿಂದ ತೆಗೆದ ಚಿತ್ರದಲ್ಲಿ ಅದು ಸಾಧ್ಯವಿಲ್ಲ. 1966-67ರಲ್ಲಿ ಚಂದ್ರನನ್ನು ಸುತ್ತಿದ ಲೂನಾರ್ ಆರ್ಬಿಟರ್ ನೌಕೆಗಳು ಫಿಲ್ಮಿನ ಮೇಲೆ ಚಿತ್ರ ತೆಗೆದು, ನೌಕೆಯೊಳಗೇ ತೊಳೆದು, ಪಟ್ಟಿ ಪಟ್ಟಿಯಾಗಿ ಸ್ಕ್ಯಾನ್ ಮಾಡಿ ಭೂಮಿಗೆ ಕಳಿಸಿದ್ದವು. ಆ ಚಿತ್ರಗಳಲ್ಲಿ ಪಟ್ಟಿಗಳ ನಡುವಿನ ಗೆರೆ ಇವತ್ತಿಗೂ ಎದ್ದು ಕಾಣುತ್ತದೆ. ಇದರಲ್ಲಿ ಅದಿರಲಿಲ್ಲ. ಅಪೊಲೊ 15, 16, 17ರ ಪನೋರಮಿಕ್ ಕ್ಯಾಮೆರಾ ಒಂದೆರಡು ಮೀಟರಿನ ವಸ್ತುವನ್ನೂ ಹಿಡಿಯುತ್ತಿತ್ತು. ಅದರ ಫಿಲ್ಮ್ ಸುರುಳಿಯನ್ನು ತರಲು ಗಗನಯಾತ್ರಿ ನೌಕೆಯಿಂದ ಹೊರಗಿಳಿಯಬೇಕಿತ್ತು. 1971ರ ಆಗಸ್ಟ್‌ನಲ್ಲಿ, ಅಪೊಲೊ 15 ಭೂಮಿಗೆ ಮರಳುವ ದಾರಿಯಲ್ಲಿ, ಆಲ್ ವರ್ಡನ್ ಆ ಕೆಲಸ ಮಾಡಿದರು. 2009ರಲ್ಲಿ ಹಾರಿದ ನಾಸಾದ ಲೂನಾರ್ ರಿಕನಾಯ್ಸೆನ್ಸ್ ಆರ್ಬಿಟರ್‌ನ ಕಿರುಕೋನದ ಕ್ಯಾಮೆರಾ ಬಂದ ಮೇಲೆ ಪ್ರತಿ ಪಿಕ್ಸೆಲ್‌ಗೆ ಅರ್ಧ ಮೀಟರ್ ಸಿಕ್ಕಿತು. ಪ್ರಮಾಣಪತ್ರದ ಚಿತ್ರದ ಸೂಕ್ಷ್ಮತೆ ಆ ಜಾತಿಯದು.

ಅಷ್ಟು ಚಂದದ, ಅಷ್ಟು ಹೊಸದಾಗಿ ಕಾಣುವ, ಅಷ್ಟು ಸಲ ಅಚ್ಚಾಗಿರುವ ಸಣ್ಣ ಕುಳಿ ಎಂದರೆ ಮೊದಲು ನೆನಪಾಗುವುದು ಲಿನ್ನೆ. ಆ ಕ್ಯಾಮೆರಾದ ಚಿತ್ರಗಳೆಲ್ಲ ಅಂತರ್ಜಾಲದ ನಕ್ಷೆಯಲ್ಲಿ ಯಾರು ಬೇಕಾದರೂ ನೋಡುವಂತಿವೆ. ಲಿನ್ನೆಯನ್ನು ತೆರೆದು, ಪ್ರಮಾಣಪತ್ರದ ಫೋಟೊವನ್ನು ಕಾಲು ಸುತ್ತು ತಿರುಗಿಸಿ ಪಕ್ಕದಲ್ಲಿಟ್ಟೆವು. ಗೋಡೆಯ ಮೇಲಿಂದ ಜಾರಿದ ಕಪ್ಪು ಬಿಳುಪು ಗೆರೆಗಳನ್ನು ಅಂಚಿನ ಉದ್ದಕ್ಕೂ ಒಂದೊಂದಾಗಿ ಹೋಲಿಸುತ್ತ ಹೋದವನು ಮಗನೇ. ಅರ್ಧ ಸುತ್ತು ಬರುವಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ಉಳಿದರ್ಧವನ್ನೂ ಬಿಡದೆ ಮುಗಿಸಿದ. ನಾಸಾದ ಚಿತ್ರಗಳನ್ನು ಯಾರಾದರೂ ಬಳಸಬಹುದು, ಅದರಲ್ಲಿ ತಪ್ಪಿಲ್ಲ. ಮಾರಿದವರು ಚಿತ್ರಕ್ಕೆ ಕಾಸು ಕೊಟ್ಟಿರಲಾರರು ಅಷ್ಟೆ.

ಲಿನ್ನೆಯ ಕಥೆ

ಇಲ್ಲಿ ಪ್ರಕರಣ ಬಿಟ್ಟು ಸ್ವಲ್ಪ ಆಚೆ ಹೋಗಬೇಕು. ಆಕಸ್ಮಿಕವಾಗಿ ಭಟ್ಟರ ಜಗಲಿಗೆ ಬಂದ ಈ ಕುಳಿ ಚಂದ್ರನ ಮೇಲಿನ ಸಣ್ಣ ಕುಳಿಗಳಲ್ಲೆಲ್ಲ ಅತಿ ಹೆಚ್ಚು ಜಗಳ ಹುಟ್ಟಿಸಿದ್ದು.

ಹುಣ್ಣಿಮೆಯ ಚಂದ್ರನಲ್ಲಿ ಬರಿಗಣ್ಣಿಗೆ ಕಾಣುವ ಕಪ್ಪು ಕಲೆಗಳಲ್ಲಿ ಒಂದರ ಹೆಸರು ಮಾರೆ ಸೆರೆನಿಟಾಟಿಸ್. ಹಳೆಯ ಲಾವಾ ಹರಿದು ಗಟ್ಟಿಯಾದ ಬಯಲು. ಅದರ ಪಶ್ಚಿಮ ಭಾಗದಲ್ಲಿ, 27.7 ಡಿಗ್ರಿ ಉತ್ತರ, 11.8 ಡಿಗ್ರಿ ಪೂರ್ವದಲ್ಲಿ ಲಿನ್ನೆ ಇದೆ. ಅಡ್ಡಳತೆ ಸುಮಾರು 2.2 ಕಿ.ಮೀ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ಲೋರ್ಮನ್, ಆಮೇಲೆ ಬೇರ್ ಮತ್ತು ಮೆಡ್ಲರ್, ಇದನ್ನು ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡ, ಆಳವಾದ ಕುಳಿ ಎಂದು ನಕ್ಷೆಯಲ್ಲಿ ಬರೆದರು. 1866ರ ಅಕ್ಟೋಬರಿನಲ್ಲಿ ಅಥೆನ್ಸ್ ವೀಕ್ಷಣಾಲಯದ ಯೂಲಿಯಸ್ ಸ್ಮಿಟ್ ನೋಡಿದಾಗ ಅಲ್ಲಿ ಕುಳಿ ಕಾಣಲಿಲ್ಲ, ಒಂದು ಬಿಳಿ ಮಸುಕು ಮಾತ್ರ. ಕುಳಿ ಮಾಯವಾಗಿದೆ ಎಂದು ಅವರು ಪ್ರಕಟಿಸಿದರು. ಚಂದ್ರ ಸತ್ತ ಲೋಕವಲ್ಲ, ಅಲ್ಲಿ ಇನ್ನೂ ಏನೋ ನಡೆಯುತ್ತಿದೆ ಎಂದು ಯುರೋಪಿನಲ್ಲಿ ದೂರದರ್ಶಕ ಇದ್ದವರೆಲ್ಲ ಲಿನ್ನೆಯತ್ತ ತಿರುಗಿದರು.

ಸ್ಮಿಟ್ ಸಾಮಾನ್ಯ ವೀಕ್ಷಕರಲ್ಲ, ಚಂದ್ರನ ನಕ್ಷೆಗೆ ಜೀವಮಾನವನ್ನೇ ಕೊಟ್ಟವರು. ಹಾಗಾದರೆ ಏನಾಯಿತು? ಲೆಕ್ಕ ಹಾಕಿ ನೋಡಿ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಅಷ್ಟು ದೂರದಲ್ಲಿರುವ 2.2 ಕಿ.ಮೀ. ಅಗಲದ ವಸ್ತು ನಮ್ಮ ಕಣ್ಣಿಗೆ ಮಾಡುವ ಕೋನ ಸುಮಾರು 1.2 ಆರ್ಕ್ ಸೆಕೆಂಡ್, ಅಂದರೆ ಒಂದು ಡಿಗ್ರಿಯನ್ನು ಮೂರು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಗಾಳಿ ಸ್ವಲ್ಪ ಅಲುಗಿದರೂ ಅದು ಕರಗಿ ಹೋಗುತ್ತದೆ. ಕುಳಿಯ ಸುತ್ತ, ಅದು ಉಂಟಾದಾಗ ಚಿಮ್ಮಿದ ಬಿಳಿಯ ಪುಡಿ ಹರಡಿದೆ. ಸೂರ್ಯ ಮೇಲೇರಿದ ಹಾಗೆ ಆ ಬಿಳುಪು ಹೊಳೆಯುತ್ತದೆ, ಕುಳಿಯೊಳಗಿನ ನೆರಳು ಕುಗ್ಗುತ್ತದೆ. ಒಬ್ಬರು ನೆರಳು ಉದ್ದವಿದ್ದಾಗ ನೋಡಿ ಕುಳಿ ಎಂದರು, ಇನ್ನೊಬ್ಬರು ಬೆಳಕು ಏರಿದಾಗ ನೋಡಿ ಮಸುಕು ಎಂದರು. ಕೈಯಲ್ಲಿ ಬಿಡಿಸಿದ ಚಿತ್ರಗಳ ಕಾಲದಲ್ಲಿ ಇದನ್ನು ತೀರ್ಮಾನಿಸುವವರು ಯಾರು?

ತೀರ್ಮಾನ ಬಂದದ್ದು ಕಕ್ಷೆಯಿಂದ. ಅಪೊಲೊ 15ರ ಚಿತ್ರದಲ್ಲಿ ಲಿನ್ನೆ ಚೊಕ್ಕವಾಗಿ, ಅಂಚು ಮಾಸದೆ, ಯಾವ ಬದಲಾವಣೆಯ ಗುರುತೂ ಇಲ್ಲದೆ ಕೂತಿತ್ತು. ಮುಂದೆ ರಿಕನಾಯ್ಸೆನ್ಸ್ ಆರ್ಬಿಟರ್ ಎರಡು ಕೋನಗಳಿಂದ ತೆಗೆದ ಜೋಡಿ ಚಿತ್ರಗಳಿಂದ ಅದರ ಎತ್ತರದ ನಕ್ಷೆಯನ್ನೇ ಮಾಡಿದರು. ಇಂಥ ಸಣ್ಣ ಕುಳಿಗಳ ಒಳಮೈ ಬಟ್ಟಲಿನ ಹಾಗೆ ಬಾಗಿರುತ್ತದೆ ಎಂದು ಅದುವರೆಗೆ ಪಠ್ಯಗಳಲ್ಲಿತ್ತು. ಅಳೆದಾಗ ಲಿನ್ನೆಯ ಗೋಡೆಗಳು ಹೆಚ್ಚು ಕಡಿಮೆ ನೇರ ಇಳಿಜಾರು, ತಳ ಚಪ್ಪಟೆ, ಕೊಳವೆ ಕತ್ತರಿಸಿ ತೆಗೆದ ಲಾಳಿಕೆಯ ಹಾಗೆ. ಉಲ್ಕೆ ಬಡಿದು ಕುಳಿಯಾಗುವ ಬಗೆಯನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುವವರಿಗೆ ಈ ಆಕಾರ ಬಹಳ ಮುಖ್ಯ. ಹಳೆಯ ಕುಳಿಗಳು ಸವೆದು ದುಂಡಗಾಗಿರುತ್ತವೆ, ಮೊದಲ ರೂಪ ಉಳಿದಿರುವುದು ಲಿನ್ನೆಯಂಥ ಎಳೆಯ ಕುಳಿಗಳಲ್ಲಿ.

ಭಟ್ಟರಿಗೆ ತೋರಿಸಬೇಕಿದ್ದರೆ ತಿಥಿ ನೋಡಿಯೇ ತೋರಿಸಬೇಕಿತ್ತು. ಶುದ್ಧ ಸಪ್ತಮಿಯ ಸುಮಾರಿಗೆ ಲಿನ್ನೆಯ ಮೇಲೆ ಸೂರ್ಯೋದಯ. ಆಗ ಸುತ್ತಲಿನ ಬಯಲಿನಲ್ಲಿ ಉದ್ದ ನೆರಳು. ಮಾರ್ಗಶಿರದ ಸಪ್ತಮಿ ಸಂಜೆ ಅವರ ಅಂಗಳದಲ್ಲೇ ದೂರದರ್ಶಕ ಇಟ್ಟೆವು. ಕೊಯ್ಲಿನ ಕಾಲ, ಒಂದು ಕಡೆ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು, ತಲೆಯ ಮೇಲೆ ದೊಡ್ಡ ಎಲ್‌ಇಡಿ ದೀಪ. ದೀಪ ಆರಿಸಿ ಎನ್ನಲು ಸಂಕೋಚ, ಏಕೆಂದರೆ ಅವರ ಕೂಲಿ ಕಿಲೋ ಲೆಕ್ಕದ್ದು. ಕೊನೆಗೆ ಅವರೇ "ನಮಗೂ ತೋರ್ಸ್ತೀರಾದ್ರೆ ಆರ್ಸಿ" ಎಂದರು. ಚಂದ್ರನಿಗೆ ಕತ್ತಲೆ ಅಷ್ಟಾಗಿ ಬೇಕಿಲ್ಲ, ಆದರೆ ಕಣ್ಣಿಗೆ ಹೊಡೆಯುವ ದೀಪ ಇರಬಾರದು.

ಆರಿಂಚಿನ ದೂರದರ್ಶಕ ಬಿಡಿಸಿ ತೋರಿಸಬಲ್ಲ ಕನಿಷ್ಠ ಕೋನ ಸುಮಾರು 0.8 ಆರ್ಕ್ ಸೆಕೆಂಡ್. ಕಾಗದದ ಮೇಲೆ ಲಿನ್ನೆ ಅದರ ಅಳತೆಯೊಳಗೆ ಬರುತ್ತದೆ. ತೋಟದ ಕಣಿವೆಯಿಂದ ತಂಪು ಗಾಳಿ ಏಳುವ ಹೊತ್ತಿನಲ್ಲಿ ಬರುವುದಿಲ್ಲ. ಭಟ್ಟರಿಗೆ ಕಂಡದ್ದು ಸ್ಮಿಟ್‌ಗೆ ಕಂಡದ್ದೇ: ನಡುಗುವ ಒಂದು ಬಿಳಿ ಚುಕ್ಕೆ. "ಇಷ್ಟೇಯಾ?" ಎಂದರು. ಇಷ್ಟೇ. ಇಷ್ಟರ ಮೇಲೆ ದೊಡ್ಡ ವಿದ್ವಾಂಸರು ದಶಕಗಳ ಕಾಲ ವಾದ ಮಾಡಿದರು ಎಂದಾಗ ಅವರು ಮತ್ತೆ ಕಣ್ಣಿಟ್ಟು ತುಸು ಹೆಚ್ಚು ಹೊತ್ತು ನೋಡಿದರು.

ಜಾಗ ಎಲ್ಲಿಯದು?

ಚಿತ್ರ ಲಿನ್ನೆಯದಾದರೆ ಜಾಗವೂ ಲಿನ್ನೆಯದೇ ಇರಬೇಕಲ್ಲ? ಇರಲಿಲ್ಲ. ಚಂದ್ರನ ಮೇಲೆ ಒಂದು ಡಿಗ್ರಿ ಎಂದರೆ ಸುಮಾರು 30 ಕಿ.ಮೀ. ಹಾಗೆ ನೋಡಿದರೆ 26 ಉತ್ತರ, 13 ಪೂರ್ವ ಎಂಬ ಬಿಂದು ಲಿನ್ನೆಯಿಂದ ಆಗ್ನೇಯಕ್ಕೆ ಸುಮಾರು 60 ಕಿ.ಮೀ. ದೂರ. ತೀರ್ಥಹಳ್ಳಿಯ ಮನೆಯ ಫೋಟೊ ತೋರಿಸಿ ಶಿವಮೊಗ್ಗದ ವಿಳಾಸ ಕೊಟ್ಟ ಲೆಕ್ಕ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ದಶಾಂಶ ಇಲ್ಲದ ಡಿಗ್ರಿ ಒಂದು ಕುಳಿಯನ್ನು ಗುರುತಿಸಲಾರದು. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ಚೌಕ ಎಂದರೆ 800 ಚದರ ಕಿ.ಮೀ.ಗಿಂತ ಹೆಚ್ಚು. ಲಾವಾ ಬಯಲಿನ ಅಷ್ಟು ಜಾಗದಲ್ಲಿ ಅರ್ಧ ಮೀಟರ್ ಸೂಕ್ಷ್ಮತೆಯ ಚಿತ್ರ ಹಿಡಿದು ಕೂತರೆ ಕುಳಿಗಳನ್ನು ಎಣಿಸಿ ಮುಗಿಯುವುದಿಲ್ಲ. ಒಂದು ಮೀಟರಿನವು, ಹತ್ತು ಮೀಟರಿನವು, ನೂರು ಮೀಟರಿನವು, ಒಂದರ ಮೇಲೊಂದು. ಅದರಲ್ಲಿ ಭಟ್ಟರದು ಯಾವುದು? ಪ್ರಮಾಣಪತ್ರಕ್ಕೆ ಗೊತ್ತಿಲ್ಲ. ಅಡ್ಡಳತೆಯನ್ನೂ ಬರೆದಿರಲಿಲ್ಲ. ಸರ್ವೆ ನಂಬರ್ ಇದೆ, ಹಿಸ್ಸಾ ಇಲ್ಲ, ವಿಸ್ತೀರ್ಣ ಇಲ್ಲ, ಚಕ್ಕುಬಂದಿ ಇಲ್ಲ. ಇದನ್ನು ಭಟ್ಟರಿಗೆ ವಿವರಿಸಬೇಕಾಗಲಿಲ್ಲ. ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಓಡಾಡಿದ ಯಾರಿಗೂ ವಿವರಿಸಬೇಕಾಗಿಲ್ಲ.

ಮಗನ ಆಫೀಸಿನಲ್ಲಿ ಇನ್ನೊಬ್ಬರು ಅದೇ ಕಂಪನಿಯಿಂದ ಮಗುವಿನ ಹುಟ್ಟುಹಬ್ಬಕ್ಕೆ ಒಂದು ತರಿಸಿದ್ದರು. ಅವನು ಅದರ ಫೋಟೊ ಕೇಳಿ ಪಡೆದ. ಡಿಗ್ರಿಗಳು ಬೇರೆ, ಚಂದ್ರನ ಇನ್ನೊಂದು ಮೂಲೆಯವು. ಚಿತ್ರ ಇದೇ, ತಿರುಗಿಸಿದ ಕೋನವೂ ಇದೇ. ಅಲ್ಲಿಗೆ ಈ ಭಾಗದ ತಪಾಸಣೆ ಮುಗಿಯಿತು.

ಹೆಸರು ಹೇಗೆ ಬರುತ್ತದೆ?

ಮಗ ಮೋಸ ಹೋಗಲು ಒಂದು ಕಾರಣವಿತ್ತು. ದುಡ್ಡು ಕಟ್ಟುವ ಮೊದಲು ಅವನು ಓದಿಕೊಂಡಿದ್ದ, ಮತ್ತು ಓದಿದ್ದು ಸರಿಯೇ ಇತ್ತು: ಚಂದ್ರನ ಸಣ್ಣ ಕುಳಿಗಳಿಗೆ ಸಾಮಾನ್ಯ ಜನರ ಹೆಸರಿಡುವ ಪದ್ಧತಿ ಇದೆ.

ಪದ್ಧತಿಯ ಬೇರು 1651ರಲ್ಲಿದೆ. ಇಟಲಿಯ ಖಗೋಳಜ್ಞ ರಿಚೋಲಿ ಅವರು ಗ್ರಿಮಾಲ್ಡಿ ಬಿಡಿಸಿದ ನಕ್ಷೆಯ ಮೇಲೆ ಕುಳಿಗಳಿಗೆ ವಿದ್ವಾಂಸರ ಹೆಸರು ಹಾಕಿದರು. ಆಮೇಲೆ ಬಂದವರೆಲ್ಲ ತಮಗೆ ತೋಚಿದ್ದು ಸೇರಿಸಿದರು, ಒಂದೇ ಕುಳಿಗೆ ಎರಡು ಹೆಸರು, ಒಂದೇ ಹೆಸರಿಗೆ ಎರಡು ಕುಳಿ ಆಯಿತು. ಮೆಡ್ಲರ್ ಸಣ್ಣ ಕುಳಿಗಳಿಗೆ ಹೆಸರಿನ ಗೋಜೇ ಬೇಡವೆಂದು ಪಕ್ಕದ ದೊಡ್ಡ ಕುಳಿಯ ಹೆಸರಿಗೆ ಎ, ಬಿ, ಸಿ ಅಂಟಿಸಿದರು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಈ ಗೋಜಲನ್ನು ಬಿಡಿಸಲು ಹೊರಟು, 1935ರಲ್ಲಿ ಮೇರಿ ಬ್ಲಾಗ್ ಮತ್ತು ಕಾರ್ಲ್ ಮುಲ್ಲರ್ ಸಿದ್ಧಪಡಿಸಿದ ಪಟ್ಟಿಯನ್ನು ಹೊರತಂದಿತು. ಈಗ ಹೆಸರುಗಳನ್ನು ತೀರ್ಮಾನಿಸುವುದು ಅದೇ ಒಕ್ಕೂಟದ ನಾಮಕರಣ ಸಮಿತಿ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾಲಯ ಫ್ಲಾಗ್‌ಸ್ಟಾಫ್‌ನಲ್ಲಿ ಆ ಹೆಸರುಗಳ ಕೋಶವನ್ನು ಇಟ್ಟುಕೊಂಡಿದೆ, ಯಾರು ಬೇಕಾದರೂ ತೆರೆದು ಹುಡುಕಬಹುದು.

1970ರ ದಶಕದಲ್ಲಿ ಅಪೊಲೊ ಚಿತ್ರಗಳಿಂದ ದೊಡ್ಡ ಅಳತೆಯ ನಕ್ಷೆಗಳನ್ನು ಮಾಡತೊಡಗಿದಾಗ ಒಂದೆರಡು ಕಿ.ಮೀ.ನ ಕುಳಿಗಳನ್ನೂ ಕರೆಯಲು ಹೆಸರು ಬೇಕಾಯಿತು. ಅಷ್ಟೊಂದು ವಿಜ್ಞಾನಿಗಳನ್ನು ಎಲ್ಲಿಂದ ತರುವುದು? ಹಲವು ದೇಶಗಳ ರೂಢಿಯ ಹೆಸರುಗಳನ್ನು ಎತ್ತಿಕೊಂಡರು. ನಮ್ಮ ಕಡೆಯಿಂದ ರವಿ ಹೋದ. ಆದರೆ ಅದು ಯಾವ ರವಿಯದೂ ಅಲ್ಲ, ನಿರ್ದಿಷ್ಟ ವ್ಯಕ್ತಿಯ ಗೌರವಕ್ಕೆ ಇಟ್ಟದ್ದಲ್ಲ, ಬರೀ ಒಂದು ಹೆಸರು. ಮಗ ತಪ್ಪು ತಿಳಿದದ್ದು ಇಲ್ಲಿ. ಸಾಮಾನ್ಯ ಹೆಸರು ಎಂಬುದನ್ನು ಸಾಮಾನ್ಯ ವ್ಯಕ್ತಿಯ ಹೆಸರು ಎಂದುಕೊಂಡ.

ವ್ಯಕ್ತಿಯ ನೆನಪಿಗೆ ಇಡುವುದಾದರೆ ನಿಯಮ ಬೇರೆ. ಅವರು ವಿಜ್ಞಾನ, ಅನ್ವೇಷಣೆಯಂಥ ಕ್ಷೇತ್ರದಲ್ಲಿ ದೊಡ್ಡ ಕೆಲಸ ಮಾಡಿರಬೇಕು, ತೀರಿಕೊಂಡು ಕನಿಷ್ಠ ಮೂರು ವರ್ಷ ಆಗಿರಬೇಕು. (ಇದನ್ನು ಹೇಳಿದಾಗ ಭಟ್ಟರು "ಹಾಗಾದ್ರೆ ನಂಗೆ ಬೇಡ" ಎಂದರು, ಷಷ್ಟ್ಯಬ್ದಿ ಮಾಡಿಸಿಕೊಂಡವರ ಸಹಜ ಉತ್ತರ.) ಬದುಕಿದ್ದಾಗಲೇ ಹೆಸರು ಪಡೆದವರೂ ಇದ್ದಾರೆ. 1970ರಲ್ಲಿ ಅಪೊಲೊ 11 ಇಳಿದ ಜಾಗದ ಹತ್ತಿರದ ಮೂರು ಸಣ್ಣ ಕುಳಿಗಳಿಗೆ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಎಂದು ಹೆಸರಿಟ್ಟರು. ಆದರೆ ಅದು ಅಪವಾದ. ಎಲ್ಲಕ್ಕಿಂತ ಮೊದಲ ಪ್ರಶ್ನೆ, ಆ ಜಾಗಕ್ಕೆ ಹೆಸರಿನ ಅಗತ್ಯ ಇದೆಯೇ ಎಂಬುದು. ಸಂಶೋಧಕರು ಅದರ ಬಗ್ಗೆ ಬರೆಯಬೇಕಿದೆ, ನಕ್ಷೆಯಲ್ಲಿ ತೋರಿಸಬೇಕಿದೆ, ಹಾಗಾಗಿ ಹೆಸರು ಬೇಕು ಎಂದು ಚಿತ್ರ ಸಮೇತ ಅರ್ಜಿ ಹಾಕಬೇಕು. ನೂರು ಮೀಟರಿಗಿಂತ ಚಿಕ್ಕದಕ್ಕೆ ವಿಶೇಷ ಕಾರಣವಿಲ್ಲದೆ ಹೆಸರಿಲ್ಲ. ದುಡ್ಡಿಗೆ ಎಲ್ಲೂ ಜಾಗವಿಲ್ಲ. ಹೆಸರು ಮಾರುವ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು ಒಕ್ಕೂಟ ಬಹಿರಂಗವಾಗಿಯೇ ಹೇಳಿದೆ.

ಅಗತ್ಯ ಎಂಬುದಕ್ಕೆ ಹೊಸ ಉದಾಹರಣೆ ನಮ್ಮದೇ. ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರಂದು. ಆ ಜಾಗಕ್ಕೆ ಶಿವಶಕ್ತಿ ಎಂಬ ಹೆಸರನ್ನು ಪ್ರಧಾನಿ ಘೋಷಿಸಿದ್ದು ಮೂರು ದಿನದ ನಂತರ. ಒಕ್ಕೂಟ ಅದನ್ನು ಒಪ್ಪಿದ್ದು 2024ರ ಮಾರ್ಚ್ 19ರಂದು, ಸ್ಟೇಷಿಯೋ ಶಿವಶಕ್ತಿ ಎಂದು. ದೇಶದ ಪ್ರಧಾನಿ ಹೇಳಿದ ಹೆಸರಿಗೂ ಅರ್ಧ ವರ್ಷದ ಮೇಲೆ ಬೇಕಾಯಿತು. ನಮ್ಮ ಪ್ರಮಾಣಪತ್ರ ಬಂದದ್ದು ಕೊರಿಯರ್‌ನಲ್ಲಿ, ದುಡ್ಡು ಕಟ್ಟಿದ ವಾರವೇ.

ಲಿನ್ನೆಯಿಂದ ಪೂರ್ವಕ್ಕೆ, ಅದೇ ಬಯಲಿನಲ್ಲಿ, ಸುಮಾರು 8 ಕಿ.ಮೀ. ಅಗಲದ ಇನ್ನೊಂದು ಕುಳಿ ಇದೆ. 1973ರವರೆಗೆ ಅದು ಮೆಡ್ಲರ್ ಪದ್ಧತಿಯ ಬೆಸೆಲ್ ಎ ಆಗಿತ್ತು, ಪಕ್ಕದ 16 ಕಿ.ಮೀ.ನ ಬೆಸೆಲ್ ಕುಳಿಯ ಬಾಲ. ಆ ವರ್ಷ ಅದಕ್ಕೆ ವಿಕ್ರಂ ಸಾರಾಭಾಯಿ ಅವರ ಹೆಸರು ಬಂತು. ಅವರು ತೀರಿಕೊಂಡದ್ದು 1971ರ ಡಿಸೆಂಬರ್ 30. ಇಂದಿನ ಮೂರು ವರ್ಷದ ನಿಯಮ ಹಿಡಿದು ನೋಡಿದರೆ ಅವಸರವೇ ಆಯಿತು ಎನ್ನಬೇಕು, ಆಕ್ಷೇಪಿಸುವವರು ಯಾರೂ ಇರಲಾರರು. 2020ರಲ್ಲಿ ಚಂದ್ರಯಾನ-2ರ, ನೆಲದ ಏರುತಗ್ಗಿನ ನಕ್ಷೆ ಮಾಡುವ ಕ್ಯಾಮೆರಾ ಈ ಕುಳಿಯ ಚಿತ್ರ ತೆಗೆಯಿತು. ಮುಂದೆ, ಕೆಳಗೆ, ಹಿಂದೆ ಹೀಗೆ ಮೂರು ಕೋನಗಳಿಂದ ಒಂದೇ ಜಾಗವನ್ನು ನೋಡುವುದರಿಂದ ಆ ಕ್ಯಾಮೆರಾ ಎತ್ತರವನ್ನೂ ಹೇಳುತ್ತದೆ. ಅಂಚಿನಿಂದ ಆಳ ಸುಮಾರು 1.7 ಕಿ.ಮೀ., ಗೋಡೆಯ ಇಳಿಜಾರು 25ರಿಂದ 35 ಡಿಗ್ರಿ ಎಂದು ಇಸ್ರೋ ಪ್ರಕಟಿಸಿತು. ಒಬ್ಬ ವ್ಯಕ್ತಿ ಕಟ್ಟಿದ ಕಾರ್ಯಕ್ರಮದ ನೌಕೆ ಅವರ ಹೆಸರಿನ ಕುಳಿಯನ್ನು ಅಳೆದದ್ದು ಅಪರೂಪ. ಅಂದು ಅಂಗಳದಲ್ಲಿ ಲಿನ್ನೆ ಕೈಕೊಟ್ಟ ಮೇಲೆ ಎಲ್ಲರಿಗೂ ತೋರಿಸಿದ್ದು ಇದನ್ನೇ. ನಾಲ್ಕು ಆರ್ಕ್ ಸೆಕೆಂಡಿಗೂ ಹೆಚ್ಚಿರುವುದರಿಂದ ಅಂಚು, ನೆರಳು ಎರಡೂ ಸ್ಪಷ್ಟ. ಸುಲಿಯುವ ಹೆಂಗಸರು ಸರದಿಯಲ್ಲಿ ಬಂದು ನೋಡಿ ಹೋದರು. ಅಜ್ಜಿಗೆ ಮೆಟ್ಟಿಲಿಳಿಸಿ ಕುರ್ಚಿ ಹಾಕಿಕೊಟ್ಟೆವು.

ಸುಲಿಯುವ ಹೆಂಗಸರಲ್ಲೊಬ್ಬರು ಕೇಳಿದ ಪ್ರಶ್ನೆ ಬರೆದಿಡಬೇಕಾದ್ದು: "ಕುಪ್ಪಳ್ಳಿ ಪುಟ್ಟಪ್ಪನವರ ಹೆಸರು ಇಡಾಕಾಗಲ್ವಾ?" ಚಂದ್ರನ ಮೇಲೆ ಕಷ್ಟ, ಅಲ್ಲಿ ವಿಜ್ಞಾನಿಗಳು, ಅನ್ವೇಷಕರು. ಸಾಹಿತಿ, ಸಂಗೀತಗಾರರಿಗೆ ಮೀಸಲಾದದ್ದು ಬುಧ ಗ್ರಹ. ಅಲ್ಲಿ ವಾಲ್ಮೀಕಿ, ಕಾಳಿದಾಸ, ತ್ಯಾಗರಾಜರ ಹೆಸರಿನ ಕುಳಿಗಳಿವೆ. ಐವತ್ತು ವರ್ಷಕ್ಕೂ ಮೇಲೆ ಗಣ್ಯರೆಂದು ಮನ್ನಣೆ ಪಡೆದಿರಬೇಕು, ತೀರಿಕೊಂಡು ಮೂರು ವರ್ಷ ಕಳೆದಿರಬೇಕು. ಕುವೆಂಪು ಎರಡರಲ್ಲೂ ತೇರ್ಗಡೆ. ಆದರೆ ಬುಧನ ಯಾವುದೋ ಕುಳಿಯ ಬಗ್ಗೆ ಸಂಶೋಧನೆ ಮಾಡುವವರು ಕೇಳಬೇಕು, ತೀರ್ಥಹಳ್ಳಿಯವರು ಕೇಳಿದರೆ ಸಾಲದು. ನಮ್ಮ ಮಕ್ಕಳಲ್ಲಿ ಯಾರಾದರೂ ಅಲ್ಲಿಯವರೆಗೆ ಓದಿದರೆ ಬೇರೆ ಮಾತು.

ಮುಂದೆ ಏನಾಯಿತು

ಮಗ ಕಂಪನಿಗೆ ಮೇಲ್ ಬರೆದ. ಚಿತ್ರ ಲಿನ್ನೆಯದು, ಜಾಗ ಬೇರೆಯದು, ಒಕ್ಕೂಟದ ಕೋಶದಲ್ಲಿ ಹೆಸರಿಲ್ಲ ಎಂದು ಮೂರನ್ನೂ ಸ್ಕ್ರೀನ್‌ಶಾಟ್ ಸಹಿತ ಕಳಿಸಿದ. ಉತ್ತರ ಬೇಗ ಬಂತು, ವಿನಯವಾಗಿಯೂ ಇತ್ತು: ಹೆಸರು ತಮ್ಮ ಸ್ವಂತ ದಾಖಲೆ ಪುಸ್ತಕದಲ್ಲಿ ನೋಂದಣಿಯಾಗಿದೆ, ಚಿತ್ರ ಸಾಂಕೇತಿಕ, ಇದು ಮನರಂಜನೆಯ ಉಡುಗೊರೆ ಎಂದು ಷರತ್ತುಗಳಲ್ಲಿ ಬರೆದಿದೆ, ಹಣ ವಾಪಸಿಲ್ಲ. ಷರತ್ತು ತೆರೆದು ನೋಡಿದರೆ ನಿಜವಾಗಿಯೂ ಬರೆದಿತ್ತು, ಯಾರೂ ಓದದ ಜಾಗದಲ್ಲಿ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದಿತ್ತು. ಮಾರಾಟಗಾರ ಹೊರದೇಶದವನು, ಷರತ್ತಿಗೆ ಒಪ್ಪಿಗೆ ಒತ್ತಿಯಾಗಿದೆ, ಮೊತ್ತ ಅಷ್ಟೇನಲ್ಲ ಎಂದು ಮಗ ಬಿಟ್ಟುಬಿಟ್ಟ. ನನ್ನ ಅಭಿಪ್ರಾಯದಲ್ಲಿ ದೂರು ಕೊಡಬೇಕಿತ್ತು. ಸಾಂಕೇತಿಕ ಚಿತ್ರ ಎಂಬುದನ್ನು ಒಪ್ಪಿದರೂ, "ಈ ಕುಳಿ" ಎಂದು ಬೆರಳು ಮಾಡಿ ತೋರಿಸಿ, ಅದು ಇಲ್ಲದ ಜಾಗವನ್ನು ಬರೆಯುವುದು ಮನರಂಜನೆಯ ಲೆಕ್ಕಕ್ಕೆ ಬರುವುದಿಲ್ಲ.

ಫ್ರೇಮನ್ನು ತೆಗೆದಿಡುವ ಮಾತು ಬಂದಾಗ ಭಟ್ಟರು ಒಪ್ಪಲಿಲ್ಲ. "ಮಾಣಿ ಪ್ರೀತಿಯಿಂದ ತಂದದ್ದು. ಇರ್ಲಿ. ಆದ್ರೆ ಬಂದೋರಿಗೆ ಸುಳ್ಳು ಹೇಳೋಕೆ ನಂಗೆ ಬರಲ್ಲ, ಅಡಿಗೆ ಸರಿಯಾದ್ದು ಬರೆದುಕೊಡಿ" ಎಂದರು. ಏನು ಬರೆಯುವುದೆಂದು ಯೋಚಿಸುವಾಗ ನನಗೆ ಹೊಳೆದದ್ದು ಲಿನ್ನೆ ಎಂದರೆ ಯಾರು ಎಂಬುದನ್ನು ಈ ಮನೆಯಲ್ಲಿ ಇನ್ನೂ ಹೇಳಿಯೇ ಇಲ್ಲವಲ್ಲ ಎಂದು. ಮೆಡ್ಲರ್ ಆ ಕುಳಿಗೆ ಹೆಸರಿಟ್ಟದ್ದು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ನೆನಪಿಗೆ, ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವರು. ಜಗಲಿಯ ಗೋಡೆಯಲ್ಲಿ, ಫ್ರೇಮಿನಿಂದ ಎರಡು ಮಾರು ದೂರದಲ್ಲಿ, ಎಲೆಚುಕ್ಕಿ ರೋಗದ ಔಷಧಿ ಸಿಂಪಡಣೆಯ ಕರಪತ್ರ ಅಂಟಿಸಿತ್ತು. ಅದರಲ್ಲಿ ಅಡಿಕೆಯ ವೈಜ್ಞಾನಿಕ ಹೆಸರು ಅರೆಕಾ ಕಟೆಚು, ಕೊನೆಯಲ್ಲಿ ಎಲ್ ಎಂಬ ಒಂದಕ್ಷರ. ಅದು ಹೆಸರಿಟ್ಟ ಲಿನೇಯಸ್ಸಿನ ಗುರುತು, ವರ್ಷ 1753. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಹೆಸರಿನ ಕೊನೆಯಲ್ಲೂ ಅದೇ ಎಲ್, ಅದೇ ವರ್ಷ. ಭಟ್ಟರು ಎದ್ದು ಹೋಗಿ ಕರಪತ್ರವನ್ನು ಓದಿ ಬಂದರು. "ಅಂದ್ರೆ ತೋಟದೋರೇ" ಎಂದರು.

ಈಗ ಫ್ರೇಮಿನ ಕೆಳಗೆ ಬಿಳಿ ಚೀಟಿಯಲ್ಲಿ ಹೀಗಿದೆ: "ಚಿತ್ರದಲ್ಲಿರುವುದು ಲಿನ್ನೆ ಕುಳಿ. ಅಗಲ 2.2 ಕಿ.ಮೀ. ಮಾರೆ ಸೆರೆನಿಟಾಟಿಸ್, 27.7 ಉತ್ತರ, 11.8 ಪೂರ್ವ. ನಾಸಾದ ಚಿತ್ರ. ಅಡಿಕೆಗೂ ಮೆಣಸಿಗೂ ಹೆಸರಿಟ್ಟವರ ನೆನಪಿನ ಕುಳಿ. ಮೇಲಿನ ಹೆಸರು ಮಗನ ಉಡುಗೊರೆ." ಕೊನೆಯ ವಾಕ್ಯ ಭಟ್ಟರೇ ಸೇರಿಸಿದ್ದು. ಫ್ರೇಮನ್ನು ಬೆಳಕು ಮೇಲಿನಿಂದ ಬರುವ ಹಾಗೆ ತಿರುಗಿಸೋಣವೇ ಎಂದರೆ ಅಕ್ಷರ ತಲೆಕೆಳಗಾಗುತ್ತದೆ, ಹಾಗಾಗಿ ಅಜ್ಜಿಯ ಪಾಲಿಗೆ ಅದು ಇನ್ನೂ ಗುಡ್ಡೆಯೇ.

ಉಳಿದಿರುವುದು ಆ 800 ಚದರ ಕಿ.ಮೀ. ನಿಜಕ್ಕೂ 26 ಉತ್ತರ, 13 ಪೂರ್ವದಲ್ಲಿ ಏನಿದೆ ಎಂದು ಒಂಬತ್ತನೆಯ ತರಗತಿಯ ಮಕ್ಕಳು ಪಟ್ಟು ಹಿಡಿದಿದ್ದಾರೆ. ಚಂದ್ರಯಾನ-2ರ ಚಿತ್ರಗಳನ್ನು ಬ್ಯಾಲಾಳುವಿನ ಇಸ್ರೋ ದತ್ತಾಂಶ ಕೇಂದ್ರ ಸಾರ್ವಜನಿಕರಿಗೆ ಕೊಡುತ್ತದೆ, ಹೆಸರು ನೋಂದಾಯಿಸಿಕೊಂಡರೆ ಇಳಿಸಿಕೊಳ್ಳಬಹುದು. ಪ್ರತಿ ಪಿಕ್ಸೆಲ್‌ಗೆ 5 ಮೀಟರ್, ಆದ್ದರಿಂದ ಐವತ್ತು ಮೀಟರಿಗಿಂತ ದೊಡ್ಡ ಕುಳಿಗಳನ್ನು ಗುರುತಿಸಿ, ಸೂರ್ಯನ ಎತ್ತರ ಹಿಡಿದು ನೆರಳಿನ ಉದ್ದದಿಂದ ಆಳ ಲೆಕ್ಕ ಹಾಕುವುದು ಅವರ ಯೋಜನೆ. ಫೈಲುಗಳು ಭಾರಿ ದೊಡ್ಡವು, ಶಾಲೆಯ ಇಂಟರ್ನೆಟ್ಟಿಗೆ ಮಳೆ ಇಲ್ಲದ ದಿನವೂ ಅದು ಆಗುವ ಕೆಲಸವಲ್ಲ. ಮಗ ಬೆಂಗಳೂರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಯುಗಾದಿಗೆ ತರುತ್ತೇನೆ ಎಂದಿದ್ದಾನೆ.